ಟೆರೆಲ್‌ಗೆ ಕೊಟ್ಟ ಎರಡು ಅಂಕ

ಸೈಕಲ್ಲುಗಳು ಸಾಲಾಗಿ ಇಳಿಜಾರು ಇಳಿಯುತ್ತಿವೆ, ಸ್ವೀಡನ್ನಿನ ಲುಂಡ್ ಊರಿನ ಶನಿವಾರದ ಮಧ್ಯಾಹ್ನ, ಹುಡುಗ ಹುಡುಗಿಯರು ಲೈಬ್ರರಿಗೋ ಇಲ್ಲಿನವರು ಫೀಕಾ ಎನ್ನುವ ಹರಟೆಯ ಕಾಫಿಗೋ, ಇಲ್ಲಿ ಯಾರೂ ಕಾಲೇಜಿನ ಬಣ್ಣವನ್ನು ಮುಖಕ್ಕೆ ಬಳಿದುಕೊಳ್ಳುವುದಿಲ್ಲ, ಇಂದುಮತಿ ಕಿಟಕಿಯಿಂದ ಲ್ಯಾಪ್‌ಟಾಪಿನತ್ತ ತಿರುಗಿದಳು, ಮೇಲ್ ಇನ್ನೂ ತೆರೆದೇ ಇತ್ತು, ಮಂಗಳವಾರ ಟೆರೆಲ್ ತೀರಿಕೊಂಡ, ನಾನು ಅವನ ತಾಯಿ, ನೀವು ಅವನಿಗೆ ಕಲಿಸಿದ ಮೇಡಂ ಅಲ್ಲವೆ. ಕಲಿಸಿದ್ದೆಲ್ಲಿ ಬಂತು — ಎಂಟು ವಾರದ ಬೇಸಿಗೆ ಕ್ಲಾಸು, ಅಮೆರಿಕದ ಪುಟ್ಟ ಊರೊಂದರಲ್ಲಿ ಪಿಎಚ್‌ಡಿ ಮಾಡುತ್ತ ಅವಳು ಗಣಿತ ಹೇಳಿಕೊಡುತ್ತಿದ್ದ ಕಾಲ, ಹನ್ನೆರಡು ವರ್ಷವಾಯಿತು, ಹಿಂದಿನ ಸಾಲಿನಲ್ಲಿ ಕುರ್ಚಿ ಸಾಲದ ಮೈಯವನು, ಬೆರಳುಗಳ ನಡುವೆ ಪೆನ್ಸಿಲು ಬೆಂಕಿಕಡ್ಡಿಯಷ್ಟು, ಕಾಲೇಜು ಫುಟ್‌ಬಾಲ್ ತಂಡದ ಟೆರೆಲ್. ಮೂವತ್ತು ಸಾವಿರ ಜನರ ಊರಿಗೆ ಎಂಬತ್ತು ಸಾವಿರ ಜನ ಹಿಡಿಸುವ ಸ್ಟೇಡಿಯಂ, ಮೊದಮೊದಲು ನಗು ಬಂದಿತ್ತು, ಕಾಲಲ್ಲಿ ಒದೆಯದ ಇದೆಂಥ ಫುಟ್‌ಬಾಲು, ಹೆಗಲಿಗೆ ಹೆಗಲು ಗುದ್ದಿಕೊಂಡು — ಆಮೇಲೆ ನಗು ನಿಂತಿತು, ಶನಿವಾರ ಬಂತೆಂದರೆ ಪಾದ್ರಿ, ಪೋಸ್ಟಿನವನು, ಅಜ್ಜಿ, ಮಗಳು, ಮೊಮ್ಮಗಳು ಎಲ್ಲರೂ ಒಂದೇ ಕೆಂಪು ಅಂಗಿಯಲ್ಲಿ, ಸ್ಟೇಡಿಯಮ್ಮಿನ ಹೊರಗೆ ಕಾರು ನಿಲ್ಲಿಸಿದಲ್ಲೇ ಒಲೆ ಹೂಡಿ, ಬಾಮ್ಮ, ನೀನು ಮಾಂಸ ತಿನ್ನಲ್ಲ ಅಂತ ಜೋಳ ಸುಟ್ಟಿದ್ದೀನಿ, ಮನೆಯೊಡತಿ ಮುದುಕಿ ತಾನೇ ಹೆಣೆದ ಕೆಂಪು ಸ್ವೆಟರನ್ನು ತೊಡಿಸಿದ್ದಳು, ಅಂದು ಮೊದಲ ಸಲ ಯಾರೂ ಅವಳನ್ನು ಎಲ್ಲಿಯವಳು ಎಂದು ಕೇಳಲಿಲ್ಲ. ಮರುವರ್ಷದ ಬೇಸಿಗೆಗೆ ಆ ಕ್ಲಾಸು, ಆ ಪೇಪರು, ಟೆರೆಲ್‌ಗೆ ಐವತ್ತೆಂಟು. ಅರವತ್ತಕ್ಕೆ ಪಾಸು, ಫೇಲಾದರೆ ಆ ವರ್ಷ ಅವನು ಆಡುವಂತಿಲ್ಲ, ಯಾರೂ ಬಲವಂತ ಮಾಡಲಿಲ್ಲ, ಬಸ್ಸಿನ ಡ್ರೈವರ್ ಕೇಳಿದ ಅಷ್ಟೇ, ನಮ್ಮ ಟೆರೆಲ್ ನಿಮ್ಮ ಕ್ಲಾಸಂತೆ ಮೇಡಂ, ಮುದುಕಿ ಅಂದಳು ಅಷ್ಟೇ, ಈ ವರ್ಷ ಗೆಲ್ತೀವಿ, ನಮ್ಮೆಜಮಾನ್ರು ಇರಬೇಕಿತ್ತು. ಟೆರೆಲ್ ಒಬ್ಬನೇ ಬೇರೆ ಮಾತು ಹೇಳಿದವನು, ಬಾಗಿಲಲ್ಲಿ ನಿಂತು, ಮೇಡಂ, ಬಂದಷ್ಟೇ ಕೊಡಿ, ಏನೂ ಸೇರಿಸಬೇಡಿ, ಸ್ವಾಭಿಮಾನವೆಂದುಕೊಂಡಳು, ಕಣ್ಣಲ್ಲಿದ್ದ, ಆಟ ಸಾಕೆನ್ನುವ ದಣಿವು ಕಂಡಿತ್ತು, ಕಂಡೂ ಏಳನೆಯ ಪ್ರಶ್ನೆಯ ಅರ್ಧ ಉತ್ತರದಲ್ಲಿ ಎರಡು ಅಂಕ ಹುಡುಕಿದಳು, ಯಾರಿಗಾಗಿ, ಅವನಿಗಾಗಿಯೆ, ಅಲ್ಲ, ಆ ಸ್ವೆಟರಿಗಾಗಿ, ಆ ಸುಟ್ಟ ಜೋಳಕ್ಕಾಗಿ.

ಅಮ್ಮಾ, ಲಂಚ್ ಈಸ್ ಗೆಟಿಂಗ್ ಕೋಲ್ಡ್, ಅಡುಗೆಮನೆಯಿಂದ ಮಗಳು ಅಹನಾ, ಹಿಂದೆಯೇ ಗಂಡ ಸಂಜಯ್, ಇಂದೂ, ಯಾರದೇ ಅದು ಮೇಲ್, ಹಳೇ ಸ್ಟೂಡೆಂಟ್‌ದು, ಬಂದೆ, ಅಂದಳು, ಏಳಲಿಲ್ಲ. ಇಷ್ಟು ವರ್ಷ ಗಾಲಿಕುರ್ಚಿಯಲ್ಲಿದ್ದ, ತಾಯಿ ಬರೆದಿದ್ದಾಳೆ, ಕತ್ತಿನ ಕೆಳಗೆ ಸ್ವಾಧೀನವಿರಲಿಲ್ಲ, ಆ ಮೇಡಂ ನನಗಾಗಿ ಎರಡು ಅಂಕ ಹುಡುಕಿದರು ಎನ್ನುತ್ತಿದ್ದ, ನಿಮ್ಮ ದಯೆ ದೊಡ್ಡದು. ದಯೆ — ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಬೇಡವೆಂದಿದ್ದ, ಎಂದು ಬರೆದಳು, ಇದನ್ನು ಹೇಳಿದರೆ ಯಾರ ಭಾರ ಇಳಿಯುತ್ತದೆ, ಯಾರ ಮೇಲೆ ಏರುತ್ತದೆ, ಅಳಿಸಿದಳು, ಮತ್ತೆ ಬರೆದಳು, ಅಳಿಸಿದಳು, ನಿಮ್ಮ ಮಗ ಒಳ್ಳೆಯವನಾಗಿದ್ದ, ಅಷ್ಟನ್ನೇ ಕಳಿಸಿದಳು, ಕಳಿಸಿದರೂ ಕೈ ಅಲ್ಲೇ, ಆ ವರ್ಷದ ಸೆಪ್ಟೆಂಬರಿನ ಮೊದಲ ಶನಿವಾರ, ಅವಳು ಗ್ಯಾಲರಿಯಲ್ಲಿ ನಿಂತಿದ್ದಾಳೆ, ಗುದ್ದಿದ ಸದ್ದು, ರಾಶಿಬಿದ್ದ ಮೈಗಳು ಒಂದೊಂದಾಗಿ ಎದ್ದವು, ಒಂದು ಏಳಲಿಲ್ಲ, ಬ್ಯಾಂಡು ನಿಂತಿತು, ಹುಲ್ಲಿನ ಮೇಲೆ ಚಾಚಿದ ಕಾಲು, ಬೂಟಿನ ಬಿಚ್ಚಿಹೋದ ಬಿಳಿ ಲೇಸು ಗಾಳಿಗೆ ಅಲುಗುತ್ತಿತ್ತು, ಕಾಲು ಅಲುಗಲಿಲ್ಲ, ಲೇಸು ಅಲುಗುತ್ತಿತ್ತು, ಬಿಳಿ ಲೇಸು, ಲೇಸು —