ದಡದ ಚಿತ್ರ ತೆಗೆಯುವ ಸ್ಟ್ಯಾಂಡಕ್ಕ

ಹೆಗಲ ಮೇಲೆ ಏನೂ ಇಲ್ಲದಿರುವಾಗಲೂ ಅವರು ಎಡಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು. ಇಪ್ಪತ್ತಾರು ವರ್ಷ ಬಲಹೆಗಲ ಮೇಲೆ ಕ್ಯಾಮೆರಾದ ಮೂರು ಕಾಲಿನ ಮರದ ಸ್ಟ್ಯಾಂಡು ಹೊತ್ತು ಮರಳಿನಲ್ಲಿ ಓಡಾಡಿದ ದೇಹ ಆ ಭಾರವನ್ನು ತನ್ನದೇ ಒಂದು ಅಂಗವೆಂದು ಒಪ್ಪಿಕೊಂಡುಬಿಟ್ಟಿತ್ತು. ಮದುವೆಮನೆಗೆ ಬಂದರೂ, ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಹೋದರೂ, ಬಾಗಿಲು ಬಂದ ಕೂಡಲೇ ಮೈಯನ್ನು ತುಸು ಓರೆ ಮಾಡಿ, ಕಾಣದ ಮರದ ಕಾಲುಗಳು ಯಾರ ಕಣ್ಣಿಗೂ ಚುಚ್ಚದಂತೆ ನುಸುಳುತ್ತಿದ್ದರು. ಕಚೇರಿಯಲ್ಲಿ ಎಲ್ಲರಿಗೂ ಅವರು ಸ್ಟ್ಯಾಂಡಕ್ಕ. ಎದುರಿಗೇ ಹಾಗೆ ಕರೆದರೂ ಬೇಸರಿಸಿಕೊಂಡವರಲ್ಲ.

ನಮ್ಮದು ಸಮುದ್ರ ಎಷ್ಟು ಒಳಗೆ ಬಂತು, ಎಷ್ಟು ಹಿಂದೆ ಸರಿಯಿತು ಎಂದು ಬರೆದಿಡುವ ಕಚೇರಿ. ದಡದುದ್ದಕ್ಕೂ ಹದಿನಾಲ್ಕು ಗುರುತುಗಲ್ಲುಗಳಿದ್ದವು. ತಿಂಗಳಲ್ಲಿ ನೀರು ಅತಿ ಹೆಚ್ಚು ಇಳಿಯುವ ಎರಡು ದಿನ, ಒಂದೊಂದು ಕಲ್ಲಿನ ಪಕ್ಕದಲ್ಲೂ ಸ್ಟ್ಯಾಂಡು ನಿಲ್ಲಿಸಿ, ಒಂದೇ ಎತ್ತರದಿಂದ, ಒಂದೇ ದಿಕ್ಕಿಗೆ ಫೋಟೋ ತೆಗೆಯುವುದು ಅವರ ಕೆಲಸ. ಆ ಫೋಟೋದ ಮೇಲೆ ಪಾರದರ್ಶಕ ಹಾಳೆ ಹರವಿ, ನೀರು ಮುಗಿದು ಮರಳು ಮೊದಲಾಗುವ ಅಂಚನ್ನು ಕೆಂಪು ಪೆನ್ಸಿಲಿನಲ್ಲಿ ಗೀಚುವುದು ನನ್ನ ಕೆಲಸ. ಹೀಗೆ ವರ್ಷಗಟ್ಟಲೆ ನಾನು ಅವರ ಕಣ್ಣಿನಿಂದಲೇ ಸಮುದ್ರವನ್ನು ನೋಡಿದವನು. ಅವರ ಫೋಟೋಗಳು ಎಷ್ಟು ನಿಚ್ಚಳವಾಗಿದ್ದವೆಂದರೆ, ಒದ್ದೆ ಮರಳಿನ ಮೇಲೆ ಏಡಿ ಹಾದುಹೋದ ಗೆರೆಯನ್ನೂ ಎಣಿಸಬಹುದಿತ್ತು.

ಬೇಸಗೆಯೆನ್ನದೆ ಚಳಿಯೆನ್ನದೆ ಅವರು ತೊಡುತ್ತಿದ್ದ ಬೂದುಬಣ್ಣದ ಕೋಟಿಗೆ ಒಂಬತ್ತು ಜೇಬುಗಳಿದ್ದವು, ಬೇಕಾದ ವಸ್ತು ಯಾವಾಗಲೂ ಒಂಬತ್ತನೆಯ ಜೇಬಿನಲ್ಲೇ ಸಿಗುತ್ತಿತ್ತು. ಮಾತು ಆರಂಭಿಸುವಾಗ, ಒಪ್ಪಿಗೆಯಿರಲಿ ವಿರೋಧವಿರಲಿ, ಮೊದಲು "ಹಾಗಲ್ಲ" ಎನ್ನಬೇಕು. "ಊಟ ಆಯ್ತಾ ಅಕ್ಕ?" ಎಂದರೆ "ಹಾಗಲ್ಲ, ಆಯ್ತು" ಎನ್ನುವರು. ಹೊಸದಾಗಿ ಬಂದವರು ಮತ್ತೊಮ್ಮೆ ಊಟಕ್ಕೆ ಕರೆದು ಪೇಚಿಗೆ ಬೀಳುತ್ತಿದ್ದರು.

ಇಂಥವರಿಗೆ ಮಸುಕಿನ ಹುಚ್ಚು ಹತ್ತಿದ್ದು ಹೇಗೆಂದು ನಾನು ಕಂಡಷ್ಟು ಹೇಳಬಲ್ಲೆ, ಯಾಕೆಂದು ಹೇಳಲಾರೆ. ಒಂದು ಬೆಳಗ್ಗೆ ಲೆನ್ಸಿನ ಮೇಲೆ ಅಲೆಯ ತುಂತುರು ಸಿಡಿದಿತ್ತಂತೆ. ಒರೆಸದೆ ಒಂದು ಚಿತ್ರ ತೆಗೆದರು. ಡಾರ್ಕ್ ರೂಮಿನಿಂದ ಇನ್ನೂ ಹಸಿಯಿದ್ದ ಆ ಪ್ರಿಂಟನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮೇಜಿನ ಹತ್ತಿರ ಬಂದು, "ಏನನ್ನಿಸುತ್ತೆ?" ಎಂದು ಕೇಳಿದರು.

"ಹಾಳಾಗಿದೆ" ಅಂದೆ.

"ಹಾಗಲ್ಲ. ಹಾಳಾಗಿದೆ, ಸರಿ. ಆದರೆ..." ಎಂದು ಪ್ರಿಂಟನ್ನು ಗಾಳಿಗೆ ಆಡಿಸುತ್ತಾ ಹೊರಟುಹೋದರು. ಆ "ಆದರೆ"ಯ ಮುಂದಿನದು ಬರಲೇ ಇಲ್ಲ.

ಅಲ್ಲಿಂದ ಮುಂದೆ ಪ್ರತಿ ಕಲ್ಲಿನ ಹತ್ತಿರವೂ ಎರಡೆರಡು ಚಿತ್ರ: ಮೊದಲು ಕಚೇರಿಯದು, ಆಮೇಲೆ ತಮ್ಮದು. ತಮ್ಮದಕ್ಕಾಗಿ ನೈಲಾನಿನ ಹಳೆಯ ಕಾಲುಚೀಲವನ್ನು ಲೆನ್ಸಿಗೆ ಬಿಗಿದು ಕಟ್ಟಿದರು. ಕಪ್ಪು ಚೀಲ ಒಂದು ರೀತಿ, ಬಿಳಿ ಚೀಲ ಇನ್ನೊಂದು ರೀತಿ. ಅದು ಸಾಲದೆಂದು ದುಂಡನೆಯ ಸಾದಾ ಗಾಜಿನ ಬಿಲ್ಲೆಗೆ ನಡುವೆ ಕಾಸಗಲ ಬಿಟ್ಟು ಸುತ್ತಲೂ ವ್ಯಾಸ್ಲಿನ್ ಸವರಿ ಲೆನ್ಸಿನ ಮುಂದಿಟ್ಟರು. ಗಾಳಿಗೆ ಹಾರಿಬಂದ ಮರಳು ಅದಕ್ಕೆ ಅಂಟಿಕೊಂಡರೆ ತಲೆಯ ಹೇರ್‌ಪಿನ್ನು ಕಿತ್ತು ಒಂದೊಂದೇ ಕಣವನ್ನು ಹೆಕ್ಕುವರು. ಕೆಲವೊಮ್ಮೆ ಗಾಜಿನ ಮೇಲೆ ಬಾಯಿಂದ ಹಬೆ ಊದಿ, ಅದು ಆರುವುದರೊಳಗೆ ಗುಂಡಿ ಒತ್ತುವರು. ಚಿತ್ರದಲ್ಲಿ ಬಂಡೆಯಿದ್ದಲ್ಲಿ ಬಂಡೆ, ದೋಣಿಯಿದ್ದಲ್ಲಿ ದೋಣಿ ಇರುತ್ತಿದ್ದವು. ಆದರೆ ನೊರೆಯ ಬಿಳುಪು ಒದ್ದೆ ಮರಳಿನ ಮೇಲೆ ಚೆಲ್ಲಿ, ಮರಳಿನ ಹೊಳಪು ಆಕಾಶಕ್ಕೆ ಹತ್ತಿ, ಎಲ್ಲಿ ಏನು ಮುಗಿಯಿತೆಂಬುದೇ ತಿಳಿಯುತ್ತಿರಲಿಲ್ಲ. "ಫೋಕಸ್ ತಪ್ಪಿದೆ" ಎಂದರೆ ಮಾತ್ರ ಕೋಪ ಬರುತ್ತಿತ್ತು. "ಹಾಗಲ್ಲ, ಫೋಕಸ್ ಸರಿಯಾಗೇ ಇದೆ, ಬೆಳಕು ಒಂಚೂರು ಹೊರಗೆ ಚೆಲ್ಲಿದೆ ಅಷ್ಟೆ."

ಈ ಪ್ರಯೋಗಗಳಿಗೆಂದೇ ಒಂದು ನೋಟುಪುಸ್ತಕ ಇಟ್ಟಿದ್ದರು. ಅದರ ಒಂದು ಪುಟವನ್ನು ನಾನು ನೋಡಿದ್ದೇನೆ. "ವ್ಯಾಸ್ಲಿನ್ ತೆಳು, ಸೂರ್ಯ ಎದುರಿಗೆ. ಚೆನ್ನಾಗಿಲ್ಲ." ಅದರ ಕೆಳಗೆ, "ವ್ಯಾಸ್ಲಿನ್ ತೆಳು, ಸೂರ್ಯ ಎದುರಿಗೆ. ಚೆನ್ನಾಗಿದೆ." ಅದರ ಕೆಳಗೆ ಎರಡು ಗೆರೆ ಎಳೆದು, "ಯಾಕೆ?"

ಹೀಗೇ ಎರಡು ವರ್ಷ ನಡೆಯಿತು, ಯಾರಿಗೂ ತೊಂದರೆಯಿರಲಿಲ್ಲ. ಮೂರನೆಯ ವರ್ಷ, ಗಾಳಿ ಜೋರಾದ ತಿಂಗಳೊಂದರಲ್ಲಿ, ಒಂಬತ್ತನೆಯ ಕಲ್ಲಿನ ಲಕೋಟೆ ಬಿಚ್ಚಿದ ನನಗೆ ಒಳಗೆ ಸಿಕ್ಕಿದ್ದು ಮಸುಕು ಚಿತ್ರ. ಪೆನ್ಸಿಲ್ ಹಿಡಿದು ಕೂತೆ. ಎಲ್ಲಿ ಎಳೆಯಲಿ? ನೀರೂ ಮರಳೂ ಒಂದರೊಳಗೊಂದು ಕರಗಿ ಕೂತಿದ್ದವು. ಆ ಕಲ್ಲಿನ ಹಿಂದೆಯೇ ಏಳು ಮನೆಗಳ ಸಾಲು. ನೀರಿನ ಅಂಚು ಕಲ್ಲಿನಿಂದ ಇಪ್ಪತ್ತು ಹೆಜ್ಜೆಗಿಂತ ಹತ್ತಿರ ಬಂದರೆ ಮನೆಗಳನ್ನು ತೆರವು ಮಾಡಿಸಬೇಕೆಂಬ ನಿಯಮ. ಹಿಂದಿನ ತಿಂಗಳು ಇಪ್ಪತ್ತೆರಡಿತ್ತು, ಈ ತಿಂಗಳು ಅಂಚೇ ಕಾಣದಿದ್ದರೆ ತೆರವಿನ ಮಾತೂ ಇಲ್ಲ. ಆರನೆಯ ಮನೆ ಸ್ಟ್ಯಾಂಡಕ್ಕನ ಸ್ವಂತ ತಮ್ಮನದು.

ನಾನು ಡಾರ್ಕ್ ರೂಮಿಗೆ ಹೋಗಿ, "ಅಕ್ಕ, ನಿಮ್ಮದು ನನಗೆ ಬಂದಿದೆ, ನನ್ನದು ಕೊಡಿ" ಎಂದೆ. ಅವರು ನಕ್ಕು ನೆಗೆಟಿವಿನ ಸುರುಳಿಯನ್ನು ಬೆಳಕಿಗೆ ಹಿಡಿದರು. ಎಂಟನೆಯ ಕಲ್ಲಿನವು ಎರಡು, ಹತ್ತನೆಯದರವು ಎರಡು. ಒಂಬತ್ತನೆಯದು ಒಂದೇ. ನಗು ಮುಖದ ಮೇಲೇ ಉಳಿದುಹೋಯಿತು, ತೆಗೆಯಲು ಮರೆತಂತೆ.

"ಒಂದೇ ತೆಗೆದಿದ್ದೀನಾ?" ಎಂದು ನನ್ನನ್ನೇ ಕೇಳಿದರು.

ನೆನಪಿಸಿಕೊಳ್ಳಲು ಎಷ್ಟು ಹೆಣಗಿದರೋ! ಸ್ಟ್ಯಾಂಡು ನಿಲ್ಲಿಸಿದ್ದು ನೆನಪಿದೆ. ಬಟ್ಟೆ ಒಣಹಾಕುತ್ತಿದ್ದ ತಮ್ಮನ ಹೆಂಡತಿ ಕೂಗಿ ಕರೆದದ್ದು ನೆನಪಿದೆ. ಒಳಗೆ ಹೋಗಿ ನೀರು ಕುಡಿದು ಬಂದದ್ದು ನೆನಪಿದೆ. ಬಂದವರು ಕಚೇರಿಯ ಚಿತ್ರ ಆಗಲೇ ಆಯಿತೆಂದು ತಿಳಿದರೋ, ಆಗಿಲ್ಲವೆಂದು ಗೊತ್ತಿದ್ದೂ ಸವರಿದ ಗಾಜನ್ನು ಇಟ್ಟರೋ, ಆ ಜಾಗದಲ್ಲಿ ನೆನಪೇ ಇಲ್ಲ.

ವಿಷಯ ದೊಡ್ಡ ಇಂಜಿನಿಯರರ ಕೋಣೆಗೆ ಹೋಯಿತು. ಅವರೇನೂ ಕೆಟ್ಟವರಲ್ಲ. ಬಿಳಿ ಹಾಳೆಯೊಂದನ್ನು ಮುಂದಿಟ್ಟು, "ತಪ್ಪಾಗಿದೆ ಅಂತ ಒಂದು ಸಾಲು ಬರೆದುಬಿಡಿ, ಇಲ್ಲಿಗೇ ಮುಗಿಸೋಣ" ಎಂದರು.

"ಹಾಗಲ್ಲ ಸರ್, ತಪ್ಪಾಗಿದ್ರೆ ಬರೀತಿದ್ದೆ."

"ಹಾಗಾದ್ರೆ ಬೇಕಂತಲೇ ಮಾಡಿದ್ರಾ?"

"ಬೇಕಂತ ಮಾಡಿದ್ರೆ ಅದನ್ನೂ ಬರೀತಿದ್ದೆ."

"ಎರಡರಲ್ಲಿ ಒಂದು ಆಗಿರ್ಲೇಬೇಕಲ್ಲಮ್ಮ!"

ಸ್ಟ್ಯಾಂಡಕ್ಕ ಪೆನ್ನು ಹಿಡಿದು ಹಾಳೆಯ ಮುಂದೆ ಅರ್ಧ ಗಂಟೆ ಕೂತರು. ಎರಡು ಸಲ ಬರೆದು ಹೊಡೆದುಹಾಕಿದರು. ಮೂರನೆಯ ಸಲ "ಗೊತ್ತಿಲ್ಲ" ಎಂದು ಬರೆದು, ಕೆಳಗೆ ಸಹಿ ಮಾಡಿ, ತಾರೀಕು ಹಾಕಿ ಕೊಟ್ಟರು. ಇಂಜಿನಿಯರರು ಆ ಹಾಳೆಯನ್ನು ತಿರುವಿ ಹಿಂಬದಿಯನ್ನೂ ನೋಡಿದರು.

ಮರುದಿನ ತಮ್ಮ ಬಂದ. ದೋಣಿಯ ಇಂಜಿನ್ ರಿಪೇರಿ ಮಾಡುವವನು, ಗ್ರೀಸು ಹತ್ತಿದ ಕೈಯಲ್ಲೇ ಬಂದು ಮೆಟ್ಟಿಲ ಮೇಲೆ ಅಕ್ಕನ ಕೈ ಹಿಡಿದುಕೊಂಡ. "ನೀನು ನಮಗೋಸ್ಕರ ಮಾಡಿದ್ದು ಇಡೀ ಸಾಲಿಗೆ ಗೊತ್ತಾಗಿದೆ ಅಕ್ಕ. ನೌಕರಿಗೇ ಕುತ್ತು ತಂದ್ಕೊಂಡೆಯಲ್ಲ!" ಎಂದು ಕಣ್ಣು ತುಂಬಿಕೊಂಡ.

ಆ ಕ್ಷಣದಲ್ಲಿ ಸುಮ್ಮನಿದ್ದಿದ್ದರೆ ಎಲ್ಲವೂ ಚೆಂದವಾಗಿ ಮುಗಿಯುತ್ತಿತ್ತು. ಆದರೆ ಅವರು, "ಹಾಗಲ್ಲ ಕಣೋ, ನಿನಗೋಸ್ಕರ ಅಂತ ಹೇಳೋಕಾಗಲ್ಲ" ಎಂದುಬಿಟ್ಟರು.

"ಮತ್ತೆ ಯಾರಿಗೋಸ್ಕರ?"

ಅವನು ಕೈಬಿಟ್ಟ. "ಮನೆ ಹೋಗೋದು ಬಿಡೋದು ಬೇರೆ ಮಾತು. ಆ ಹೊತ್ತಲ್ಲಿ ನಿನಗೆ ನಾವು ನೆನಪಿಗೆ ಬಂದ್ವೋ ಇಲ್ವೋ, ಅದೂ ಗೊತ್ತಿಲ್ವಾ?" ಎಂದು ಕೇಳಿ ಮೆಟ್ಟಿಲಿಳಿದು ಹೋದ. ಗ್ರೀಸಿನ ಗುರುತು ಕೋಟಿನ ತೋಳಿನ ಮೇಲೆ ಉಳಿಯಿತು. ಅವರು ಒಳಗೆ ಬಂದು ನನ್ನ ಮೇಜಿನ ಮುಂದೆ ನಿಂತು, "ನೀವು ದಿನಾ ನನ್ನ ಚಿತ್ರ ನೋಡ್ತೀರಲ್ಲ, ನಿಮಗೇನಾದ್ರೂ ಗೊತ್ತಾಗುತ್ತಾ?" ಎಂದು ಬಹಳ ಮೆಲ್ಲಗೆ ಕೇಳಿದರು. ಏನಾದರೂ ಹೇಳಬೇಕಾಗಿತ್ತು. ನಾನು ಒಂಬತ್ತನೆಯ ಕಲ್ಲಿನ ಚಿತ್ರವನ್ನೇ ಮತ್ತೆ ತೆಗೆದು ನೋಡತೊಡಗಿದೆ.

ಮುಂದಿನ ತಿಂಗಳ ಇಳಿತಕ್ಕೆ ಇಂಜಿನಿಯರರು ತಾವೇ ಹೋಗಿ ಹೆಜ್ಜೆ ಹಾಕಿ ಅಳೆದರು. ಹದಿನೇಳು ಹೆಜ್ಜೆ. ಸಾಲು ತೆರವಾಯಿತು. ಆ ಒಂದು ತಿಂಗಳಲ್ಲಿ ಯಾರಿಗೂ ಏನೂ ಆಗಲಿಲ್ಲವೆಂಬುದೇ ಪುಣ್ಯ. ಮಳೆಗಾಲದಲ್ಲಿ ಕೊನೆಯ ಮೂರು ಮನೆಗಳು ನೀರುಪಾಲಾದಾಗ ಒಳಗೆ ಒಂದು ಚಾಪೆಯೂ ಇರಲಿಲ್ಲ. ಸ್ಟ್ಯಾಂಡಕ್ಕನನ್ನು ಹಳೆಯ ಕಡತಗಳ ಕೋಣೆಗೆ ವರ್ಗ ಮಾಡಿದರು. ಕ್ಯಾಮೆರಾ ಒಪ್ಪಿಸಿ ಹೋಗುವಾಗ ಲೆನ್ಸನ್ನು ಎಷ್ಟು ಚೊಕ್ಕಟವಾಗಿ ಒರೆಸಿಟ್ಟಿದ್ದರೆಂದರೆ, ಅವರ ಜಾಗಕ್ಕೆ ಬಂದ ಹೊಸಬ ಗಾಜು ಇದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಬೇಕಾಯಿತು.

ತಮ್ಮನ ಸಂಸಾರಕ್ಕೆ ಬೇರೆ ನೆಲೆ ಸಿಗುವವರೆಗೂ ಅಕ್ಕನ ಮನೆಯೇ ಗತಿ. ಎರಡು ತಿಂಗಳು ಅವನು ಅವರೊಡನೆ ಮಾತಾಡದೆ ಅವರದೇ ಮನೆಯ ತಟ್ಟೆಯಲ್ಲಿ ಉಂಡ. ಒಂದು ಭಾನುವಾರ ನಾನು ಹೋಗಿದ್ದಾಗ ನಡುಮನೆಯ ಗೋಡೆಗೆ ಆ ಒಂಬತ್ತನೆಯ ಕಲ್ಲಿನ ಚಿತ್ರ ತೂಗುತ್ತಿತ್ತು. ಕಡತದಿಂದ ತಿರಸ್ಕೃತವಾದದ್ದನ್ನು ಕೇಳಿ ತಂದು ಚೌಕಟ್ಟು ಹಾಕಿಸಿದವನು ತಮ್ಮನೇ ಎಂದು ಅವನ ಹೆಂಡತಿ ಹೇಳಿದಳು. ಅವನು ಅದರ ಎದುರು ನಿಂತಿದ್ದ.

"ಇದರಲ್ಲಿ ನಮ್ಮನೆ ಎಲ್ಲಿ ಬರುತ್ತೆ ಅಕ್ಕ?"

ಅವರು ಹತ್ತಿರ ಹೋಗಿ, ಮುಖವನ್ನು ಗಾಜಿಗೆ ತಾಗಿಸುವಷ್ಟು ಬಾಗಿ, ಕೊಂಚ ಹೊತ್ತು ಹುಡುಕಿ, ಬಿಳುಪು ಬಿಳುಪಾದ ಒಂದು ಕಡೆ ಬೆರಳಿಟ್ಟರು. "ಇಲ್ಲಿರಬೇಕು."

"ಮನೆಗಳು ಕ್ಯಾಮೆರಾದ ಬೆನ್ನಿಗಿದ್ವಲ್ಲ" ಎಂದ ತಮ್ಮ. "ಇದರಲ್ಲಿ ಬರೋದೇ ಇಲ್ಲ ಅಲ್ವಾ?"

"ಹೌದಲ್ಲ" ಎಂದರು. ಬೆರಳು ಮಾತ್ರ ಅಲ್ಲೇ ಇತ್ತು.

ಮಾಡಿದ್ದು ಯಾಕೆಂದು ಕೇಳಿದರೆ ಲೋಕದ ಬಹುಪಾಲು ಜನರ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಪ್ರೀತಿಯಿಂದ ಎನ್ನುತ್ತಾರೆ, ಮರೆವಿನಿಂದ ಎನ್ನುತ್ತಾರೆ, ಕೇಳಿದವರೂ ತೃಪ್ತರಾಗಿ ಮನೆಗೆ ಹೋಗುತ್ತಾರೆ. ಎಲ್ಲೋ ಕೆಲವರು ಮಾತ್ರ ತಮ್ಮೊಳಗೆ ಇಳಿದು ಪ್ರಾಮಾಣಿಕವಾಗಿ ಹುಡುಕಿ ಬರಿಗೈಯಲ್ಲಿ ವಾಪಸು ಬರುತ್ತಾರೆ, ಆ ಬರಿಗೈಯನ್ನೇ ನಮ್ಮ ಮುಂದೆ ಚಾಚುತ್ತಾರೆ. ಇಂಥವರ ಮೇಲೆ ನಮಗೆ ಸಿಟ್ಟು ಬರುತ್ತದೆ. ಒಂದು ಸಣ್ಣ ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಗೊಣಗುತ್ತೇವೆ. ನಾನೂ ಗೊಣಗಿದವನೇ. ಆದರೆ ಅವರ ಮನೆಯಿಂದ ಹೊರಟು ದಾರಿ ನಡೆಯುವಾಗಲೆಲ್ಲ, ಇಷ್ಟು ವರ್ಷ ಎಲ್ಲರೆದುರೂ ಖಚಿತವಾಗಿ ಹೇಳಿಕೊಂಡು ಬಂದ ನನ್ನ ಬದುಕಿನ ಯಾವುದಾದರೊಂದು ಕಾರಣ ಕಾಲಕೆಳಗಿನಿಂದ ಮೆಲ್ಲಗೆ ಜಾರುವುದು. ಆ ಕಾರಣವನ್ನು ಮೊದಲು ಯಾರು ಹೇಳಿದ್ದು, ನಾನೋ, ಕೇಳಿದವರೋ ಎಂಬುದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.