ಬಿಳಿ ಇದ್ದರೆ ಏನೂ ಆಗಿಲ್ಲ

ಜೂನ್ ಹನ್ನೊಂದು, ಬುಧವಾರ, ಬೆಳಿಗ್ಗೆ ಏಳು ಐವತ್ತು. ಪ್ರತಿ ಮಹಡಿಯಲ್ಲೂ ಲಿಫ್ಟಿನ ಬಾಗಿಲ ಮೇಲೆ ಕಾಗದ ಅಂಟಿಸಿದ್ದರು: ‘ನಿವಾಸಿಗಳಿಗೆ ಮಾತ್ರ. ಸಾಮಾನಿಗೂ ಕೆಲಸದವರಿಗೂ ಮೆಟ್ಟಿಲು.’

“ಒಳಗೆ ಹೊಸ ಕಲ್ಲು ಹಾಸಿದಾರಪ್ಪ. ಒಂದು ಗೀರು ಬಿದ್ರೂ ನನ್ನ ಕೆಲಸ ಹೋಗುತ್ತೆ” ಎಂದ ವಾಚ್‌ಮನ್ ತಾತ, ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡು.

ಖಾಲಿ ಮಾಡಬೇಕಾದ ಮನೆ ಮೂರನೇ ಮಹಡಿಯಲ್ಲಿತ್ತು. ಸಾಮಾನು ಹೋಗಬೇಕಾದ ಊರು ಎರಡು ದಿನದ ಲಾರಿ ದಾರಿ. ನಾವು ಬಂದಿದ್ದು ಮೂವರು. ಹೊರುವುದಕ್ಕೆ ನಾನು ಮತ್ತು ನನ್ನಕ್ಕನ ಗಂಡ, ಭಾವ. ಸುತ್ತಿ ಕಟ್ಟುವುದಕ್ಕೆ, ಟೇಪನ್ನು ಹಲ್ಲಿನಲ್ಲೇ ಕಚ್ಚಿ ಹರಿಯುವ ಟೇಪಕ್ಕ. ಇನ್ನಿಬ್ಬರು ಬರಬೇಕಿತ್ತು. ನಮ್ಮ ಸೂಪರ್‌ವೈಸರ್ ಅವರನ್ನು ಇನ್ನೊಂದು ಮನೆಗೆ ಕಳಿಸಿದ್ದ. ಒಂದೇ ದಿನ ಎರಡು ಮನೆ ಮುಗಿಸಿದರೆ ಆಫೀಸಿನಲ್ಲಿ ಅವನ ಬೆನ್ನು ತಟ್ಟುತ್ತಿದ್ದರು.

“ನಾಲ್ಕು ಜನದ ಕೆಲಸ ಸಾರ್ ಇದು” ಎಂದ ಭಾವ.

“ಇಬ್ರು ಸಾಕು. ಬೆಟ್ಟ ಕಿತ್ತಿಡೋಕೆ ಕರೆದಿದೀನಾ? ಉಂಡ ಅನ್ನ ಎಲ್ಲಿ ಹೋಗುತ್ರೋ ನಿಮಗೆ?”

ಹೊರಬೇಕಾಗಿದ್ದದ್ದು ಮನೆಯಲ್ಲೇ ಸಿನಿಮಾ ನೋಡುವ ಹಳೆಯ ಕಾಲದ ಪ್ರೊಜೆಕ್ಟರುಗಳು. ಈಗಿನವು ಊಟದ ಡಬ್ಬಿಯಷ್ಟಿರುತ್ತವೆ. ಇವು ಒಂದೊಂದೂ ಮಲಗಿದ ಕರುವಿನಷ್ಟು. ಮುಂದೆ ಮೂರು ಗಾಜಿನ ಕಣ್ಣು. ಒಂದರಿಂದ ಕೆಂಪು, ಒಂದರಿಂದ ಹಸಿರು, ಒಂದರಿಂದ ನೀಲಿ ಬೆಳಕು ಬಂದು ಗೋಡೆಯ ಮೇಲೆ ಕೂಡಿಕೊಂಡರೆ ಚಿತ್ರ. ಅಂಥವು ಮೂರಿದ್ದವು. ಮನೆಯ ಸಾಹೇಬರು ಒಂದೊಂದರ ತಲೆ ಸವರಿದರು.

“ನನ್ನ ಮಕ್ಕಳಿದ್ದ ಹಾಗೆ ಇವು. ಓರೆ ಮಾಡಬೇಡಿ, ಒಳಗೆ ಟ್ಯೂಬ್ ತಂಪು ಮಾಡೋ ದ್ರವ ಇದೆ, ಸೋರುತ್ತೆ. ಒಂದು ಟ್ಯೂಬ್ ಹೋದ್ರೆ ಪ್ರಪಂಚ ಎಲ್ಲಾ ಹುಡುಕಿದ್ರೂ ಸಿಗಲ್ಲ.”

“ಹೂವಿನ ಹಾಗೆ ಇಳಿಸ್ತೀವಿ ಸಾರ್” ಎಂದ ಸೂಪರ್‌ವೈಸರ್.

“ನೂರು ಕಿಲೋ ಹೂವು” ಎಂದಳು ಟೇಪಕ್ಕ, ನನಗೆ ಮಾತ್ರ ಕೇಳುವಂತೆ.

ಅವಳು ಕಣ್ಣುಗಳಿಗೆ ಮೆತ್ತನೆಯ ಬಟ್ಟೆ ಕಟ್ಟಿದಳು. ಮೈಗೆ ಫೋಮು ಸುತ್ತಿದಳು, ಮೂಲೆಗಳಿಗೆ ಇನ್ನೊಂದು ಪದರ. ಎಳೆಗೂಸನ್ನು ಸುತ್ತುವ ಕೈ ಅದು, ಎಲ್ಲಿ ಬಿಗಿ ಬೇಕು ಎಲ್ಲಿ ಸಡಿಲ ಬೇಕು ಎಂದು ಬಲ್ಲದ್ದು. ನಾವಿಬ್ಬರೂ ಎತ್ತಿ ಪ್ಲೈವುಡ್ ಪೆಟ್ಟಿಗೆಯೊಳಗೆ ಇಳಿಸಿ ಸ್ಕ್ರೂ ಬಿಗಿದೆವು. ಬಾಡಿಗೆ ತೂಕದ ಮೇಲೆ. ಹಾಗಾಗಿ ಸೂಪರ್‌ವೈಸರ್ ತಕ್ಕಡಿ ತರಿಸಿ ತೂಗಿದ. ಪೆಟ್ಟಿಗೆ ಸೇರಿ ಒಂದೊಂದೂ ನೂರ ಇಪ್ಪತ್ತೆಂಟು ಕಿಲೋ. ಅವನೇ ಗಟ್ಟಿಯಾಗಿ ಓದಿದ. ಓದಿಯೂ ಇಬ್ಬರು ಸಾಕು ಎಂದ.

ಕೊನೆಗೆ ಜೇಬಿನಿಂದ ಸ್ಟಿಕ್ಕರುಗಳನ್ನು ತೆಗೆದು ಪೆಟ್ಟಿಗೆಗೊಂದರಂತೆ ಅಂಟಿಸಿದ. ಒಂದೊಂದರ ನಡುವೆಯೂ ಬೆರಳ ತುದಿಯಷ್ಟು ಗಾಜಿನ ಕೊಳವೆ, ಬಿಳಿ ಬಣ್ಣದ್ದು. ಪೆಟ್ಟಿಗೆಗೆ ಜೋರು ಪೆಟ್ಟು ಬಿದ್ದರೆ ಅದು ಕೆಂಪಾಗುತ್ತದೆ. ಒಮ್ಮೆ ಕೆಂಪಾದರೆ ಮತ್ತೆ ಬಿಳಿಯಾಗುವುದಿಲ್ಲ.

“ಸಾಹೇಬ್ರು ಹೇಳಿ ತರಿಸಿರೋದು. ಕೆಂಪಾಯ್ತೋ, ನಾಳೆಯಿಂದ ಮೂವರೂ ಕಂಪನಿ ಗೇಟಿನ ಹತ್ರ ಬರಬೇಡಿ” ಎಂದ.

ಮೆಟ್ಟಿಲಲ್ಲಿ ಇಂಥ ಪೆಟ್ಟಿಗೆಯನ್ನು ಓರೆಯಾಗದಂತೆ ಇಳಿಸಬೇಕಾದರೆ ಮೇಲಿರುವವನು ಬಗ್ಗಿ ಮೊಣಕಾಲ ಮಟ್ಟದಲ್ಲಿ ಹಿಡಿಯಬೇಕು. ಕೆಳಗಿರುವವನು ಎದೆಮಟ್ಟಕ್ಕೆ ಎತ್ತಿ ಹಿಡಿದು, ಕಾಲಿನಿಂದಲೇ ಮೆಟ್ಟಿಲು ತಡವುತ್ತ ಹಿಂದುಹಿಂದಕ್ಕೆ ಇಳಿಯಬೇಕು. ಸ್ವಲ್ಪ ಓರೆಯಾದರೂ ಭಾರ ಕೆಳಗಿನವನ ಕಡೆಗೇ ಜರುಗುತ್ತದೆ. ಭಾವ ಯಾವತ್ತೂ ಕೆಳಗೇ ನಿಲ್ಲುತ್ತಿದ್ದ.

“ಈ ಸಲ ನಾನು ಕೆಳಗೆ ಭಾವ.”

“ಸುಮ್ನಿರೋ. ನಿಮ್ಮಕ್ಕನ್ನ ಹನ್ನೆರಡು ವರ್ಷದಿಂದ ಹೊತ್ತಿದೀನಿ. ಇದು ಬಾಯಾದ್ರೂ ಮಾಡಲ್ಲ.”

ಮೊದಲ ಪೆಟ್ಟಿಗೆ ಲಾರಿ ಸೇರಿತು. ಬಿಳಿ.

ಎರಡನೆಯದನ್ನು ಎತ್ತುವಾಗ ಭಾವ, ಪೆಟ್ಟಿಗೆಯ ಅಡಿಗೆ ಕೊಟ್ಟು ಭಾರ ಹೊರುವ ತನ್ನ ಹೆಗಲ ಪಟ್ಟಿಯ ಕೊಂಡಿ ತೋರಿಸಿದ. “ಸವೆದುಹೋಗಿದೆ ಸಾರ್. ಹೋದ ತಿಂಗಳೇ ಹೇಳಿದ್ದೆ.”

“ಮುಂದಿನ ತಿಂಗಳು ನೋಡೋಣ. ಎತ್ತು ಎತ್ತು.”

ಎರಡನೇ ಮಹಡಿಯ ಹಜಾರದವರೆಗೆ ಬಂದೆವು. ಲಿಫ್ಟಿನ ಬಾಗಿಲು ಅಲ್ಲೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ. ತಿರುವಿನಲ್ಲಿ ಪೆಟ್ಟಿಗೆ ತಿರುಗಿಸುವಾಗ ಕೊಂಡಿ ಕಳಚಿತು. ಪೆಟ್ಟಿಗೆ ಭಾವನ ಕಡೆಯಿಂದ ಕುಸಿಯಿತು. ಕೈ ಹಿಂದಕ್ಕೆ ಎಳೆದುಕೊಳ್ಳಲು ಅವನಿಗೆ ಸಮಯವಿತ್ತು. ಎಳೆದುಕೊಳ್ಳಲಿಲ್ಲ. ಬಲಗೈಯನ್ನು ಇನ್ನೂ ಒಳಕ್ಕೆ ತಳ್ಳಿದ. ಹೊರುವವನ ಕೈ ಹಾಗೇ ಪಳಗಿರುತ್ತದೆ. ಬೀಳುವ ವಸ್ತುವಿನ ಕೆಳಗೆ ಮೊದಲು ಹೋಗುವುದು ಕೈ.

ಭಾವ ಉಸಿರು ಒಳಕ್ಕೆ ಎಳೆದುಕೊಂಡ, ಅಷ್ಟೇ.

ನಾನೂ, ಹಿಂದೆಯೇ ಇಳಿದು ಬರುತ್ತಿದ್ದ ಟೇಪಕ್ಕನೂ ಪೆಟ್ಟಿಗೆಯ ಅಂಚೆತ್ತಿ ಕೈ ಬಿಡಿಸಿದೆವು. ನಡುವಿನ ಮೂರು ಬೆರಳು ಬೆರಳಿನ ಹಾಗಿರಲಿಲ್ಲ.

ಸದ್ದು ಕೇಳಿ ಸೂಪರ್‌ವೈಸರ್ ಮೇಲಿನಿಂದ ಓಡಿ ಬಂದ. ಹಿಂದೆಯೇ ಸಾಹೇಬರು. ಸೂಪರ್‌ವೈಸರ್ ಮಂಡಿಯೂರಿ ಕೂತ. ಭಾವನ ಹತ್ತಿರವಲ್ಲ, ಪೆಟ್ಟಿಗೆಯ ಹತ್ತಿರ. ಸ್ಟಿಕ್ಕರನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ.

“ಬಿಳಿನೇ ಇದೆ! ಏನೂ ಆಗಿಲ್ಲ ಸಾರ್, ಏನೂ ಆಗಿಲ್ಲ.”

ಸಾಹೇಬರು ಎದೆ ಮುಟ್ಟಿಕೊಂಡು ಗೋಡೆಗೆ ಒರಗಿದರು.

ಸೂಪರ್‌ವೈಸರ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪೆಟ್ಟಿಗೆ ಕಲ್ಲಿಗೆ ಬಡಿದಿದ್ದರೆ ಥಟ್ಟನೆ ನಿಲ್ಲುತ್ತಿತ್ತು, ಆ ಹೊಡೆತಕ್ಕೆ ಕೊಳವೆ ಕೆಂಪಾಗುತ್ತಿತ್ತು. ಅದು ಕೈಯ ಮೇಲೆ ಬಿತ್ತು. ಮಾಂಸ ಜಜ್ಜಿಹೋಗಿ, ಮೂಳೆ ಮುರಿದು, ಅಷ್ಟರ ಮಟ್ಟಿಗೆ ಕೆಳಗಿಳಿದು ಮೆಲ್ಲಗೆ ನಿಂತಿತು. ಫೋಮು ಮಾಡುವ ಕೆಲಸವೂ ಇದೇ. ಭಾವನ ಕೈ ಅದಕ್ಕಿಂತ ಚೆನ್ನಾಗಿ ಮಾಡಿತ್ತು.

ಟೇಪಕ್ಕ ಆಗಲೇ ಬಟ್ಟೆ, ಫೋಮು ತಂದು ಅವನ ಕೈ ಸುತ್ತುತ್ತಿದ್ದಳು. ಗಾಜಿನ ಕಣ್ಣುಗಳಿಗೆ ಸುತ್ತಿದಂತೆಯೇ.

“ಸಾರ್, ಆಸ್ಪತ್ರೆಗೆ ಹೋಗ್ಬೇಕು” ಎಂದೆ. “ಕೆಲಸದಲ್ಲಿ ಆದ ಪೆಟ್ಟು ಅಂತ ಕಂಪನಿಯಿಂದ ಒಂದು ಚೀಟಿ ಬರ್ಕೊಡಿ. ಇಲ್ಲದಿದ್ರೆ ಇನ್ಶೂರೆನ್ಸ್‌ನಲ್ಲಿ ನೋಡಲ್ಲ.”

“ಏನಂತ ಬರೀಲಿ? ಅಪಘಾತ ಆಗಿದ್ರೆ ಸ್ಟಿಕ್ಕರ್ ಕೆಂಪಾಗ್ಬೇಕಿತ್ತಲ್ಲ? ಮನೇಲಿ ಬಾಗಿಲ ಸಂದಿಗೆ ಸಿಕ್ತು ಅಂತ ಹೇಳಿ. ಆಮೇಲೆ ನೋಡ್ಕೊಳ್ಳೋಣ. ಮೊದಲು ಇದನ್ನ ಇಳಿಸಿ, ನಡುದಾರೀಲಿ ಬಿಟ್ರೆ ಹೇಗೆ?”

ಟೇಪಕ್ಕ ಎದ್ದು ನಿಂತಳು. ಅವನ ಅಂಗಿಯ ಜೇಬಿನಿಂದ ಒಂದು ಸ್ಟಿಕ್ಕರ್ ಕಿತ್ತು ಭಾವನ ಎದೆಯ ಮೇಲೆ ಅಂಟಿಸಿದಳು.

“ಏಯ್! ಒಂದೊಂದಕ್ಕೂ ಎಷ್ಟಾಗುತ್ತೆ ಗೊತ್ತೇನೇ? ಕೀಳು ಅದನ್ನ!”

“ಯಾಕೆ ಸಾರ್? ಈ ಮನುಷ್ಯಂಗೂ ಒಂದಿರಲಿ. ಇದಿಲ್ಲದಿದ್ರೆ ನಿಮ್ಮ ಕಣ್ಣಿಗೆ ಬೀಳಲ್ಲವಲ್ಲ. ಟ್ಯೂಬು ಪ್ರಪಂಚದಲ್ಲಿ ಸಿಗಲ್ಲ ಅಂದ್ರಿ ಸಾಹೇಬ್ರೆ, ಬೆರಳು ಯಾವ ಅಂಗಡೀಲಿ ಸಿಗುತ್ತೆ?”

ಸಾಹೇಬರು ನೆಲ ನೋಡಿದರು. “ಪಾಪ, ಕರ್ಕೊಂಡು ಹೋಗಿ... ಆದ್ರೆ ಇದನ್ನ ಹೀಗೆ ದಾರೀಲಿ...”

ಭಾವನ ಮುಖ ಬಿಳಿಚಿತ್ತು. ಮೆಟ್ಟಿಲು ಇಳಿಯಲು ಹೋಗಿ ಗೋಡೆ ಹಿಡಿದುಕೊಂಡ. ನಾನು ಲಿಫ್ಟಿನ ಗುಂಡಿ ಒತ್ತಿದೆ. ಅದು ಬೀಗ ಹಾಕಿದ ಗುಂಡಿ, ಕೈ ಹಾಕಿ ತಿರುಗಿಸದೆ ಲಿಫ್ಟ್ ಬರುತ್ತಿರಲಿಲ್ಲ.

“ಲಿಫ್ಟ್ ಕೆಲಸದವರಿಗಲ್ಲ ಅಂತ ಓದಿಲ್ವಾ?” ಎಂದ ಸೂಪರ್‌ವೈಸರ್. “ಪೆಟ್ಟಾಗಿರೋದು ಕೈಗೆ. ಕಾಲಿಗಲ್ಲವಲ್ಲ.”

ಗದ್ದಲ ಕೇಳಿ ವಾಚ್‌ಮನ್ ತಾತ ಮೇಲೆ ಬಂದಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸೊಂಟದಿಂದ ಬೀಗದ ಕೈ ಬಿಚ್ಚಿ, ಬಾಗಿಲ ಮೇಲಿನ ಕಾಗದವನ್ನು ಪರ್ರನೆ ಹರಿದು, ಗುಂಡಿಯ ಬೀಗ ತಿರುಗಿಸಿದ.

“ನಿನ್ನ ಕೆಲಸ ಹೋಗುತ್ತೆ ಮುದುಕ!” ಎಂದು ಸೂಪರ್‌ವೈಸರ್ ಕೂಗಿದ.

“ಹೋಗ್ಲಿ ಬಿಡಿ. ಕಲ್ಲು ಕಾಯೋ ಕೆಲಸ ತಾನೆ.”

ಬಾಗಿಲು ತೆರೆಯಿತು. ಭಾವನನ್ನು ಒಳಗೆ ಕೂರಿಸಿದೆವು. ಹೊಸ ಕಲ್ಲಿನ ಮೇಲೆ ರಕ್ತ ತೊಟ್ಟಿಕ್ಕಿತು.

“ಲೋ! ಪ್ರೊಜೆಕ್ಟರ್? ಪ್ರೊಜೆಕ್ಟರ್ ಏನಾಗ್ಬೇಕು?”

“ಇರಲಿ ಸಾರ್, ಬಿಳಿನೇ ಇದೆಯಲ್ಲ” ಎಂದೆ. “ಚೀಟಿ ಬರೆದು ಆಸ್ಪತ್ರೆಗೆ ತಗೊಂಡ್ಬನ್ನಿ. ಅಲ್ಲಿವರೆಗೂ ಇದನ್ನ ನಾವು ಮುಟ್ಟಲ್ಲ, ಇನ್ನೊಂದು ಮನೇಲಿರೋ ಇಬ್ರೂ ಮುಟ್ಟಲ್ಲ. ಅರ್ಜೆಂಟ್ ಇದ್ರೆ ನೀವೂ ಸಾಹೇಬ್ರೂ ಇಳಿಸಿ. ಇಬ್ರು ಸಾಕು ಅಂತ ನೀವೇ ಹೇಳಿದ್ರಿ.”

ಟೇಪಕ್ಕ ಫೋನು ತೆಗೆದು ಆ ಇಬ್ಬರಿಗೆ ಆಗಲೇ ಹೇಳುತ್ತಿದ್ದಳು: “ಕೈಲಿರೋದನ್ನ ಕೆಳಗಿಡ್ರೋ. ಹ್ಞೂಂ, ಈಗಲೇ. ಹೇಳ್ತೀನಿ, ಮೊದಲು ಕೆಳಗಿಡಿ.”

ಬಾಗಿಲು ಮುಚ್ಚಿತು. ಒಳಗೆ ಭಾವ, ಟೇಪಕ್ಕ, ತಾತ, ನಾನು. ಆ ಪೆಟ್ಟಿಗೆಯನ್ನೂ ಜೊತೆಗೆ ಇಟ್ಟುಕೊಂಡಿದ್ದರೂ ಒಟ್ಟು ತೂಕ ನಾನೂರು ಕಿಲೋ ದಾಟುತ್ತಿರಲಿಲ್ಲ. ಗುಂಡಿಗಳ ಮೇಲೆ ಒಂದು ತಗಡಿನ ಫಲಕ ಹೊಡೆದಿದ್ದರು. ಹೊರುವ ಮಿತಿ: ಎಂಟು ಜನ, ೫೪೪ ಕಿಲೋ.