ಬೀಗರ ಎರಡು ಕಾರು

"ಹೇಳಪ್ಪ ಮೇಸ್ತ್ರಿ, ಯಾವ್ದು ಮೇಲು? ಬಾಯಿಬಿಟ್ಟು ಹೇಳು!" ಹೆಡ್‌ಮೇಷ್ಟ್ರು ಗದರಿದರು.

ಮೇಸ್ತ್ರಿಯ ರಿಪೇರಿ ಶೆಡ್ಡಿನೊಳಗೆ ಮೇಷ್ಟ್ರ ನಲವತ್ತೊಂಬತ್ತನೇ ಇಸವಿಯ ಕರಿ ಕಾರು. ಪಕ್ಕದಲ್ಲಿ ಹಲ್ಲಿನ ಡಾಕ್ಟರ ಐವತ್ತಾರರ ಕೆನೆಬಣ್ಣದ ಕಾರು. ಒಂದು ಗುಂಡಗೆ, ಗಂಭೀರ. ಇನ್ನೊಂದು ಉದ್ದಕ್ಕೆ, ಹಿಂದೆ ರೆಕ್ಕೆಯಂಥ ಅಂಚು ಬೇರೆ. ನಾಳೆ ಮೇಷ್ಟ್ರ ಮಗಳಿಗೂ ಡಾಕ್ಟರ ಮಗನಿಗೂ ಮದುವೆ. ಮದುಮಕ್ಕಳು ಯಾರ ಕಾರಿನಲ್ಲಿ ಕೂರಬೇಕೆಂಬ ಮಾತು ಜಗಳಕ್ಕೆ ತಿರುಗಿ, ಸೋತವರು ಮದುವೆಗೇ ಬರುವುದಿಲ್ಲ ಎನ್ನುವವರೆಗೆ ಬೆಳೆದಿತ್ತು. ಮೂವತ್ತು ವರ್ಷದಿಂದ ಎರಡೂ ಕಾರುಗಳ ಹೊಟ್ಟೆಗೆ ಕೈಹಾಕಿದವನು ಮೇಸ್ತ್ರಿಯೊಬ್ಬನೇ. ಅವನೇ ತೀರ್ಮಾನ ಹೇಳಲೆಂದು ಮದುಮಗಳು ಇಬ್ಬರನ್ನೂ ಎಳೆದುತಂದಿದ್ದಳು.

"ನನ್ನ ಗಾಡಿ ದಿಬ್ಬ ಹತ್ತುವಾಗ ಒಂದಿನ ಕೆಮ್ಮಿದ್ದುಂಟಾ?" ಮೇಷ್ಟ್ರು ಕೇಳಿದರು.

"ಕೆಮ್ಮದಿದ್ರೆ ಸಾಕಾ? ನನ್ನ ಗಾಡಿ ದೀಪದಲ್ಲಿ ಸೂಜಿ ಹುಡುಕಬಹುದು!" ಡಾಕ್ಟರು ಬಾನೆಟ್ ತಟ್ಟಿದರು.

"ಏನಾದ್ರೂ ಮಾಡಿ ಮಾಮ," ಎಂದಳು ಮದುಮಗಳು ಮೇಸ್ತ್ರಿಯ ಕಡೆ ತಿರುಗಿ. ಅವಳ ಕಣ್ಣು ತುಂಬಿತ್ತು.

ಮೇಸ್ತ್ರಿ ಎರಡೂ ಕಾರುಗಳನ್ನು ನೋಡಿದ. ಒಬ್ಬರನ್ನು ಗೆಲ್ಲಿಸಿದರೆ ಮದುವೆ ಕೆಡುತ್ತದೆ; ನಿಜ ಹೇಳಿದರೆ ತನ್ನ ಮರ್ಯಾದೆ ಮೂರು ಕಾಸಿಗೆ ಹರಾಜು. ಹೋದರೆ ಹೋಗಲಿ ಎಂದು ಎರಡೂ ಬಾನೆಟ್ ಎತ್ತಿದ.

"ಬೈಬೇಡಿ ಸಾರ್. ಆರು ವರ್ಷದ ಹಿಂದೆ ಎರಡೂ ಗಾಡಿ ಸಾಮಾನು ಬಿಚ್ಚಿ ಒಂದೇ ಬೆಂಚಿನ ಮೇಲೆ ಹರಡಿದ್ದೆ. ಒಂದೇ ಕಂಪನಿಯವು, ಕೂರಿಸೋವಾಗ ಅದಲುಬದಲಾಯ್ತು. ನನಗೆ ಗೊತ್ತಾಗೋಷ್ಟರಲ್ಲಿ ಇಬ್ಬರೂ ಬಂದು, ಗಾಡಿ ಇಷ್ಟು ಚೆನ್ನಾಗಿ ಯಾವತ್ತೂ ಓಡಿರ್ಲಿಲ್ಲ ಅಂದ್ರಿ. ಬಾಯಿ ಮುಚ್ಕೊಂಡೆ. ಮೇಷ್ಟ್ರನ್ನ ದಿಬ್ಬ ಹತ್ತಿಸ್ತಿರೋದು ಡಾಕ್ಟರ ಕಾರ್ಬುರೇಟರು. ಡಾಕ್ಟರ ದೀಪ ಉರೀತಿರೋದು ಮೇಷ್ಟ್ರ ಡೈನಮೋದಿಂದ."

ಮೇಷ್ಟ್ರು ಕನ್ನಡಕ ಏರಿಸಿ, ಡಾಕ್ಟರ ಕಾರಿನೊಳಕ್ಕೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ನಮ್ಮದು ನಿಮ್ಮಲ್ಲಿ ಸುಖವಾಗಿದೆಯಾ?"

"ಒಂದು ದಿನವೂ ಮುನಿಸಿಕೊಂಡಿಲ್ಲ ಬೀಗರೇ," ಎಂದ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರಿಗೂ ಅಂಟಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು.

"ಮಕ್ಕಳು ನಿಮ್ಮ ಗಾಡೀಲೇ ಹೋಗ್ಲಿ," ಎಂದರು ಡಾಕ್ಟರು.

"ಛೆ, ಎಲ್ಲಾದರೂ ಉಂಟೇ! ನಿಮ್ಮದರಲ್ಲೇ ಹೋಗ್ಬೇಕು."

"ಆಗೋದಿಲ್ಲ ಅಂದ್ರೆ ಆಗೋದಿಲ್ಲ, ನಿಮ್ಮದೇ!"

ದನಿ ಮತ್ತೆ ಏರಿತು. ಮೇಸ್ತ್ರಿ ಹಳೇ ಬಟ್ಟೆಯಿಂದ ಕರಿ ಕಾರಿನ ಫುಟ್‌ಬೋರ್ಡ್ ಒರೆಸಿಕೊಟ್ಟ. ಮದುಮಗಳು ಕಣ್ಣೊರೆಸಿಕೊಂಡು, ನಗುತ್ತ ಅಲ್ಲಿ ಕುಳಿತಳು. ಚಪ್ಪಲಿ ಬಿಟ್ಟು ಕಾಲು ನೀಡಿದಳು.